ಎಂಜಿನ್‌ಗೂ ನನಗೂ ನಡುವೆ ಇದ್ದ ರಬ್ಬರ್

ಕಾರಿಗೆ ಹೊಸ ಚಕ್ರ ಹಾಕಿಸಿದರೆ ದಾರಿಹೋಕರೂ ತಿರುಗಿ ನೋಡುತ್ತಾರೆ. ಸೈಲೆನ್ಸರ್ ಬದಲಿಸಿದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಎಂಜಿನ್ನನ್ನು ಕಾರಿನ ಮೈಗೆ ಹಿಡಿದಿಡುವ ಮೌಂಟ್ ಬದಲಿಸಿದರೆ? ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು, ಬೆರಳಿಟ್ಟು ತೋರಿಸಿದರೂ ನೋಡುವವರು "ಎಲ್ಲಿ?" ಅಂತಾರೆ. ಅದೇ ಜನರನ್ನು ಒಳಗೆ ಕೂರಿಸಿ ಕೀಲಿ ತಿರುಗಿಸಿ ನೋಡಿ. ಬೆನ್ನಿಗೆ, ಹಲ್ಲಿಗೆ, ಕನ್ನಡಕಕ್ಕೆ ಎಲ್ಲಕ್ಕೂ ಒಟ್ಟಿಗೇ ಗೊತ್ತಾಗುತ್ತದೆ.

ಮೌಂಟ್ ಮಾಡಬೇಕಾದ ಕೆಲಸ ಸ್ವಲ್ಪ ವಿಚಿತ್ರ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಮೂರನ್ನೂ ಅದು ಗಟ್ಟಿಯಾಗಿ ಹಿಡಿದಿರಬೇಕು, ಆದರೆ ಅವುಗಳ ನಡುಕ ನಮ್ಮ ತನಕ ಬರಬಾರದು. ಅದಕ್ಕೇ ನಡುವೆ ರಬ್ಬರ್. 1931ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನ ಎಂಜಿನ್ ಅನ್ನು ರಬ್ಬರ್ ಮೇಲೆ ಕೂರಿಸಿ, 'ಫ್ಲೋಟಿಂಗ್ ಪವರ್' ಅಂತ ಹೆಸರಿಟ್ಟು ಮಾರಿತು. ನಾಲ್ಕು ಸಿಲಿಂಡರ್ ಕಾರೂ ನಯವಾಗಿ ಓಡುತ್ತೆ ನೋಡಿ ಅಂತ. ಆಮೇಲೆ ಬಂದ ಎಂಜಿನಿಯರುಗಳು ರಬ್ಬರ್ ಒಳಗೆ ದ್ರವ ತುಂಬಿ ಇನ್ನಷ್ಟು ನಯ ಮಾಡಿದರು. ಅವರೆಲ್ಲರ ಅಷ್ಟು ವರ್ಷಗಳ ಶ್ರಮವನ್ನು ನಾನು ಒಂದು ಭಾನುವಾರ ಬಿಚ್ಚಿ ರಟ್ಟಿನ ಡಬ್ಬಕ್ಕೆ ಹಾಕಿದೆ.

ಸುಮ್ನೆ ಹಾಕಲಿಲ್ಲ, ಕಾರಣ ಇತ್ತು. ನನ್ನದು ಹಿಂಚಕ್ರ ಎಳೆಯುವ ಕಾರು. ಗೇರ್ ಲಿವರ್ ನೇರವಾಗಿ ಗೇರ್‌ಬಾಕ್ಸ್ ಮೇಲೇ ಕೂತಿದೆ. ರೇಸ್ ಟ್ರ್ಯಾಕ್‌ನಲ್ಲಿ ಜೋರು ತಿರುವಿಗೆ ನುಗ್ಗಿದಾಗ ಎಂಜಿನ್ ಒಂದು ಕಡೆ ವಾಲುತ್ತದೆ, ಅದರ ಜೊತೆ ಲಿವರ್ ಕೂಡ. ಮೂರರಿಂದ ನಾಲ್ಕಕ್ಕೆ ಎಳೆಯಲು ಹೋದ ಕೈಗೆ ಎರಡು ಸಿಕ್ಕರೆ ಕಥೆ ಮುಗೀತು. ಎಂಜಿನ್ ಮಿತಿಮೀರಿ ತಿರುಗದಂತೆ ತಡೆಯುವ ರೆವ್ ಲಿಮಿಟರ್ ಇದೆಯಲ್ಲ ಅಂತೀರಾ? ಅದು ಪೆಟ್ರೋಲನ್ನೋ ಕಿಡಿಯನ್ನೋ ನಿಲ್ಲಿಸಬಲ್ಲದು, ಅಷ್ಟೇ. ಚಕ್ರಗಳೇ ಎಂಜಿನ್ನನ್ನು ಹಿಡಿದು ತಿರುಗಿಸುವಾಗ ಅದರ ಮಾತು ಯಾರು ಕೇಳ್ತಾರೆ? ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ.

ಹಾಗಾಗಿ ರಬ್ಬರಿಗಿಂತ ಗಡಸಾದ ಪ್ಲಾಸ್ಟಿಕ್‌ನ, ಅಂದರೆ ಪಾಲಿಯುರಿಥೇನ್‌ನ ಮೌಂಟ್ ತರಿಸಿದೆ. ಡಬ್ಬದ ಮೇಲೆ '95 ಎ' ಅಂತ ಬರೆದಿತ್ತು. ಶೋರ್ ಅನ್ನುವ ಅಳತೆಯಲ್ಲಿ ಅದು ಎಷ್ಟು ಗಡಸು ಅನ್ನುವ ಲೆಕ್ಕ. ಕಾರಿನ ಜೊತೆ ಬರುವ ರಬ್ಬರ್ ಸಾಮಾನ್ಯವಾಗಿ 50-60ರ ಆಸುಪಾಸಿನಲ್ಲಿರುತ್ತದೆ. 95ರ ಪಾಲಿಯುರಿಥೇನ್‌ನಲ್ಲಿ ಸ್ಕೇಟ್‌ಬೋರ್ಡಿನ ಚಕ್ರ ಮಾಡುತ್ತಾರೆ. ಡಿಫರೆನ್ಷಿಯಲ್‌ಗೆ ಇದೂ ಸಾಲದು ಅನ್ನಿಸಿ ಗಟ್ಟಿ ಅಲ್ಯೂಮಿನಿಯಂ ತುಂಡುಗಳನ್ನೇ ತರಿಸಿದ್ದೆ.

ಕೂರಿಸುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊನೆಯ ಬೋಲ್ಟ್ ಬಗ್ಗೆ ಮಾತ್ರ ಹೇಳಲೇಬೇಕು. ಉಳಿದವೆಲ್ಲ ಮರ್ಯಾದಸ್ಥರ ಥರ ಕೂರುತ್ತವೆ. ಇದೊಂದು ಮಾತ್ರ ಅರ್ಧಚಂದ್ರದಷ್ಟು ರಂಧ್ರ ತೋರಿಸಿ ಅಣಕಿಸುತ್ತದೆ. ಜಾಕ್ ಒಂಚೂರು ಎತ್ತಿದರೆ ರಂಧ್ರ ಮೇಲೆ ಹೋಯ್ತು, ಇಳಿಸಿದರೆ ಕೆಳಗೆ ಹೋಯ್ತು. ಒಂದು ಕೈಯಲ್ಲಿ ಬೋಲ್ಟ್, ಇನ್ನೊಂದರಲ್ಲಿ ಸ್ಪ್ಯಾನರ್, ಬಾಯಲ್ಲಿ ಟಾರ್ಚ್ ಹಿಡಿದು ಮಂಡಿಯಿಂದ ಗೇರ್‌ಬಾಕ್ಸ್ ನೂಕುತ್ತಿದ್ದಾಗ ಹೆಂಡತಿ ಬಂದು "ಊಟಕ್ಕೆ ಬರ್ತೀರಾ?" ಅಂತ ಕೇಳಿದಳು. ಬಾಯಲ್ಲಿ ಟಾರ್ಚ್ ಇತ್ತು ಅನ್ನುವುದು ಇಬ್ಬರ ಪುಣ್ಯ.

ಟ್ರ್ಯಾಕ್‌ನಲ್ಲಿ ಮಾತ್ರ ಕಾರು ಬೇರೆಯೇ ಆಗಿತ್ತು. ಇದನ್ನು ಯಾರು ಏನೇ ಅಂದರೂ ಬಿಟ್ಟುಕೊಡಲ್ಲ. ಲಿವರ್ ಇಟ್ಟ ಜಾಗದಲ್ಲೇ ಇತ್ತು. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಹಿಂದುಗಡೆ ಬರುತ್ತಿದ್ದ 'ದಡ್' ಅನ್ನುವ ಸದ್ದು ಮಾಯ. ಲ್ಯಾಪ್ ಟೈಮ್ ಕಡಿಮೆ ಆಯ್ತಾ ಅಂತ ಕೇಳಬೇಡಿ. ಮೌಂಟ್ ಹಾಕಿದರೆ ಎಂಜಿನ್‌ಗೆ ಒಂದು ಕುದುರೆಯೂ ಹೆಚ್ಚಾಗಲ್ಲ. ನಂಬಿಕೆ ಹೆಚ್ಚಾಗುತ್ತದೆ.

ತೊಂದರೆ ಶುರುವಾಗಿದ್ದು ಮನೆಗೆ ವಾಪಸ್ ಬರುವಾಗ, ಮೊದಲ ಕೆಂಪು ಸಿಗ್ನಲ್‌ನಲ್ಲಿ. ನಾಲ್ಕು ಸಿಲಿಂಡರ್ ಎಂಜಿನ್ 800 ಆರ್‌ಪಿಎಂನಲ್ಲಿ (ನಿಮಿಷಕ್ಕೆ 800 ಸುತ್ತು) ಐಡಲ್ ಆಗುವಾಗ, ಅಂದರೆ ಕಾರು ನಿಂತಿದ್ದೂ ಎಂಜಿನ್ ಓಡುತ್ತಿರುವಾಗ, ಸೆಕೆಂಡಿಗೆ ಸುಮಾರು 27 ಸಲ ಗುದ್ದುತ್ತದೆ. ಮೌಂಟ್‌ಗೂ ತನ್ನದೇ ಒಂದು ಲಯ ಇರುತ್ತದೆ. ಗುದ್ದು ಆ ಲಯಕ್ಕಿಂತ ಸುಮಾರು 1.4 ಪಟ್ಟು ವೇಗವಾದ ಮೇಲೆಯೇ ಮೌಂಟ್ ತಡೆಯಲು ಶುರು ಮಾಡುವುದು. ಮೌಂಟ್ ಗಡಸಾದಷ್ಟೂ ಲಯ ಮೇಲೆ ಹೋಗುತ್ತದೆ. ಅಂದರೆ ಜೋರಾಗಿ ಓಡಿಸುವಾಗ ಪರವಾಗಿಲ್ಲ, ಸುಮ್ನೆ ನಿಂತಾಗ ಮೌಂಟ್ ತಡೆಯುವುದು ಬಿಟ್ಟು ಎಂಜಿನ್ ಜೊತೆ ಸೇರಿಕೊಂಡು ಕುಣಿಯುತ್ತದೆ. ಎಸಿ ಹಾಕಿದರಂತೂ ಎಂಜಿನ್‌ಗೆ ಭಾರ ಬಿದ್ದು ಕುಣಿತ ಇನ್ನೂ ಜಾಸ್ತಿ. ಕನ್ನಡಿಯಲ್ಲಿ ಹಿಂದಿನ ಒಂದು ಬೈಕಿಗೆ ಇಬ್ಬರು ಸವಾರರು ಕಾಣುತ್ತಿದ್ದರು. ಫೋನಿನಲ್ಲಿ ಮಾತಾಡಿದ ಗೆಳೆಯ "ಹಿಟ್ಟಿನ ಗಿರಣಿಯಲ್ಲಿದ್ದೀಯಾ? ಆಮೇಲೆ ಮಾಡ್ತೀನಿ ಬಿಡು" ಅಂತ ಇಟ್ಟೇಬಿಟ್ಟ.

ಆಮೇಲೆ ಅಕ್ಕ ಕೂತಳು. ಮೂರನೇ ಗೇರಿನಲ್ಲಿ ಹೋಗುತ್ತಿದ್ದಾಗ ಹಿಂದೆ ತಿರುಗಿ ನೋಡಿ, "ಆಂಬುಲೆನ್ಸ್ ಬರ್ತಿದೆ ಕಣೋ, ದಾರಿ ಬಿಡು" ಅಂದಳು. ಬಿಟ್ಟೆ. ಯಾವ ಆಂಬುಲೆನ್ಸೂ ಬರಲಿಲ್ಲ. ಹೊರಟೆವು, ಮತ್ತೆ ಸೈರನ್. ಮತ್ತೆ ಪಕ್ಕಕ್ಕೆ ಹಾಕಿದಾಗ ನನಗೆ ವಿಷಯ ಹೊಳೆಯಿತು. ಕೂಗುತ್ತಿದ್ದದ್ದು ನನ್ನದೇ ಡಿಫರೆನ್ಷಿಯಲ್. ಅದರ ಹಲ್ಲುಗಳು ಮೊದಲಿನಿಂದಲೂ ಹಾಡುತ್ತಲೇ ಇದ್ದವು, ರಬ್ಬರ್ ಬಾಯಿ ಮುಚ್ಚಿಸಿತ್ತು, ಅಲ್ವಾ? ಈಗ ಅಲ್ಯೂಮಿನಿಯಂ ಅದಕ್ಕೆ ಮೈಕ್ ಕೊಟ್ಟಿತ್ತು. ಅಕ್ಕನಿಗೆ ಇದನ್ನು ಹೇಳಲಿಲ್ಲ. "ಬೇರೆ ದಾರಿ ಹಿಡಿದಿರಬೇಕು" ಅಂದೆ.

ಅಪ್ಪ ಇನ್ನೂ ಜಾಣರು. ಕೂತವರೇ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಜೇಬೇ ಗಿಜಿಗುಟ್ಟಲು ಶುರುವಾಯಿತು.

"ರೇಸ್ ಕಾರೂ ಹೀಗೇ ಇರುತ್ತೇನೋ?" ಅಂತ ಕೂಗಿ ಕೇಳಿದರು.

ನನಗೆ ಹುಮ್ಮಸ್ಸು ಬಂತು. 1967ರ ಲೋಟಸ್ 49 ಕಾರಿನಲ್ಲಿ ಎಂಜಿನ್ ಅನ್ನೇ ಚಾಸಿಯ ಭಾಗವಾಗಿ ಬೋಲ್ಟ್ ಮಾಡಿದ್ದರು, ಹಿಂದಿನ ಸಸ್ಪೆನ್ಷನ್ ಕೂಡ ಎಂಜಿನ್‌ಗೇ ಸೇರಿತ್ತು ಅಂತ ನಾನೂ ಕೂಗಿ ವಿವರಿಸಿದೆ.

"ಅದರಲ್ಲಿ ಅವರಪ್ಪನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಿದ್ರಾ?" ಅಂದರು.

ದುಡ್ಡಿದ್ದವರಿಗೆ ಇಲ್ಲೂ ಬೇರೆ ದಾರಿ ಇದೆ. ಪೋರ್ಷೆ 911 ಜಿಟಿ3 ಕಾರಿಗೆ 2009ರಿಂದ ಒಂದು ಮೌಂಟ್ ಸಿಗುತ್ತದೆ. ಒಳಗಿನ ದ್ರವದಲ್ಲಿ ಅಯಸ್ಕಾಂತಕ್ಕೆ ಓಗೊಡುವ ಕಣಗಳಿವೆ. ಮೆಲ್ಲಗೆ ಹೋಗುವಾಗ ಮೆತ್ತಗೆ, ನುಗ್ಗಿಸಿದಾಗ ಗಟ್ಟಿ. ನಮ್ಮಂಥವರು ಸ್ಪ್ಯಾನರ್ ಹಿಡಿದೇ ರಾಜಿ ಮಾಡಿಕೊಳ್ಳಬೇಕು. ಎಂಜಿನ್‌ಗೆ ರೇಸಿಂಗ್ ವಿಭಾಗದವರು ಮಾಡುವ ಸ್ವಲ್ಪ ಗಡಸು ರಬ್ಬರ್ ಹಾಕಿದೆ. ಲಿವರ್ ಹಿಡಿದಿಡಲು ಗೇರ್‌ಬಾಕ್ಸ್‌ಗೆ ಮಾತ್ರ ಪಾಲಿ ಉಳಿಸಿಕೊಂಡೆ. ಡಿಫರೆನ್ಷಿಯಲ್‌ಗೆ ಹಳೇ ರಬ್ಬರೇ ವಾಪಸ್. ಒಂದೇ ಕಡೆ ಗಟ್ಟಿ ಲೋಹ ಹಾಕಿ ಉಳಿದದ್ದು ಮೆತ್ತಗೆ ಬಿಡುವುದು ಮಾತ್ರ ಬೇಡ. ಎಲ್ಲ ಪೆಟ್ಟೂ ಆ ಒಂದು ಜಾಗಕ್ಕೇ ಬಿದ್ದು ಅಲ್ಲೇ ಸೀಳುತ್ತದೆ.

ಬಿಚ್ಚಿದ ಅಲ್ಯೂಮಿನಿಯಂ ತುಂಡುಗಳನ್ನು ಮಾರಾಟಕ್ಕೆ ಇಟ್ಟೆ. ಕನ್ನಡಕ ಹಾಕಿದ ಒಬ್ಬ ಹುಡುಗ ಬಂದ. ಕೈಯಲ್ಲಿ ತೂಗಿ ನೋಡಿದ, ಬೆರಳಿನಿಂದ ತಟ್ಟಿ ನೋಡಿದ, ಕಣ್ಣು ಹೊಳೆಯಿತು.

"ಹಾಕಿಕೊಂಡು ದಿನಾ ಓಡಿಸಬಹುದಾ ಸಾರ್?"

"ಮನೆಯಲ್ಲಿ ಯಾರ್‍ಯಾರಿದ್ದೀರಪ್ಪಾ?" ಅಂತ ಕೇಳಿದೆ.