ಹೈಡನ್‌ನನ್ನು ಮೂಲೆಗೆ ಕೂರಿಸಿದ್ದರ ಬಗ್ಗೆ ನನ್ನದೊಂದು ತಕರಾರು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮಾತು ಬಂದರೆ ನಮ್ಮವರ ಬಾಯಲ್ಲಿ ಎರಡೇ ಹೆಸರು: ಮೊಜಾರ್ಟ್, ಬೀಥೋವನ್. ಒಬ್ಬ ಬಾಲಪ್ರತಿಭೆ, ಚಿಕ್ಕ ವಯಸ್ಸಿಗೇ ಹೋದ. ಇನ್ನೊಬ್ಬನಿಗೆ ಕಿವಿ ಕೇಳಿಸದೇ ಹೋಯಿತು, ಆದರೂ ಬರೆದ. ಜೋಸೆಫ್ ಹೈಡನ್‌ಗೆ (1732–1809) ಇಂಥ ಕಥೆಯಿಲ್ಲ. 77 ವರ್ಷ ಬದುಕಿದ, ನೂರಕ್ಕೂ ಹೆಚ್ಚು ಸಿಂಫನಿ (ಇಡೀ ವಾದ್ಯವೃಂದ ನುಡಿಸುವ ದೊಡ್ಡ ಕೃತಿ) ಬರೆದ, ಹೆಸರು ದುಡ್ಡು ಎರಡನ್ನೂ ಕಂಡು ಹೋದ. ಹಾಗಾಗಿ ‘ಪಾಪಾ ಹೈಡನ್’ ಅಂತ ಒಂದು ಕೈ ಮುಗಿದು ಜನ ಮುಂದಕ್ಕೆ ಹೋಗಿಬಿಡುತ್ತಾರೆ. ಕೇಳುವವನ ತಲೆಯಲ್ಲಿ ಈ ಕ್ಷಣ ಏನು ಓಡುತ್ತಿದೆ ಅನ್ನೋದು ಈ ಮೂವರಲ್ಲಿ ಹೈಡನ್‌ಗೆ ಗೊತ್ತಿದ್ದಷ್ಟು ಇನ್ನಿಬ್ಬರಿಗೆ ಗೊತ್ತಿರಲಿಲ್ಲ ಅಂತ ನನ್ನ ವಾದ. ಜಗಳಕ್ಕೆ ಬರೋರು ಬನ್ನಿ.

ಬರುವ ಮುಂಚೆ 1781ರ ಓಪಸ್ 33ರಲ್ಲಿ (ಒಟ್ಟಿಗೆ ಅಚ್ಚಾದ ಕೃತಿಗಳ ಕಟ್ಟಿನ ಸಂಖ್ಯೆ ಅದು) ಎರಡನೇ ಕ್ವಾರ್ಟೆಟ್‌ನ, ಅಂದರೆ ನಾಲ್ಕು ವಾದ್ಯಗಳ ಕೃತಿಯ, ಕೊನೆಯ ಭಾಗ ಕೇಳಿಕೊಂಡು ಬನ್ನಿ. ಎರಡು ವಯೊಲಿನ್, ಒಂದು ವಿಯೋಲ, ಒಂದು ಚೆಲ್ಲೋ, ಅಷ್ಟೇ. ಕುಣಿಯುವ ಒಂದು ಪುಟ್ಟ ಧಾಟಿ ಮತ್ತೆ ಮತ್ತೆ ಬಂದು ನಿಮಗೆ ಬಾಯಿಪಾಠ ಆಗಿಬಿಡುತ್ತದೆ. ಇನ್ನೇನು ಮುಗೀತು ಅನ್ನುವಾಗ ಇದ್ದಕ್ಕಿದ್ದಂತೆ ನಿಧಾನಗತಿಯ, ಭಾರೀ ಗಂಭೀರವಾದ ಕೆಲವು ಸಾಲು. ಆಮೇಲೆ ಅದೇ ಧಾಟಿ ವಾಪಸ್ಸು, ಆದರೆ ನಾಲ್ಕು ತುಂಡಾಗಿ. ತುಂಡು ತುಂಡಿನ ನಡುವೆ ಮೌನ. ನಾಲ್ಕನೆಯದೂ ಆಯಿತು, ಮತ್ತೆ ಮೌನ, ಈ ಸಲ ಇನ್ನೂ ಉದ್ದ. ಚಪ್ಪಾಳೆಗೆ ಕೈ ಎತ್ತಿರುತ್ತೀರಿ. ಆಗ ಬಹಳ ಮೆಲ್ಲಗೆ ಮೊದಲ ತುಂಡು ಇನ್ನೊಮ್ಮೆ. ಅಷ್ಟೇ, ಮುಗಿಯಿತು! ಪಲ್ಲವಿ ಎತ್ತಿಕೊಂಡ ಗಾಯಕ ಅರ್ಧ ಸಾಲಿಗೇ ಶಾಲು ಹೊದ್ದು ಎದ್ದುಹೋದ ಹಾಗೆ. ಇದನ್ನು ‘ಜೋಕ್’ ಅಂತಲೇ ಕರೆಯುತ್ತಾರೆ, ಆದರೆ ಆ ಧಾಟಿ ನಿಮ್ಮ ತಲೆಯಲ್ಲಿ ಕೂತಿರದಿದ್ದರೆ ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಅದನ್ನು ಕೂರಿಸೋದಕ್ಕೇ ಅವನು ಅಷ್ಟು ಹೊತ್ತು ದುಡಿದಿದ್ದು.

ಇಷ್ಟು ಚೇಷ್ಟೆಯವನು ಮಾಡುತ್ತಿದ್ದದ್ದು ಚಾಕರಿ. 1761ರಲ್ಲಿ ಎಸ್ಟರ್‌ಹಾಜಿ ಅನ್ನುವ ಹಂಗೇರಿಯ ಸಿರಿವಂತ ದೊರೆ ಮನೆತನದ ಜೊತೆ ಮಾಡಿಕೊಂಡ ಕರಾರು ಓದಿದರೆ ಮೈ ಉರಿಯುತ್ತದೆ: ಸಮವಸ್ತ್ರ, ಬಿಳಿ ಕಾಲುಚೀಲ, ಅಪ್ಪಣೆಗಾಗಿ ದಿನಾ ಹಜಾರದಲ್ಲಿ ಕಾಯೋದು, ಬರೆದ ಕೃತಿಗಳೆಲ್ಲ ದೊರೆಯ ಸ್ವತ್ತು. ದೊರೆ ನಿಕೋಲಾಸ್‌ಗೆ ಬ್ಯಾರಿಟಾನ್ ಹುಚ್ಚು. ಮುಂದಿನ ತಂತಿಗಳಿಗೆ ಕಮಾನು, ಹಿಂದಿನ ತಂತಿಗಳಿಗೆ ಹೆಬ್ಬೆರಳು, ಅಂಥದ್ದೊಂದು ವಿಚಿತ್ರ ವಾದ್ಯ ಅದು. ಅದಕ್ಕಾಗಿ ಹೈಡನ್ 120ಕ್ಕೂ ಹೆಚ್ಚು ಟ್ರಯೋ (ಮೂರು ವಾದ್ಯಗಳ ಕೃತಿ) ಬರೆದುಕೊಟ್ಟ. ಈಗ ಆ ವಾದ್ಯ ನುಡಿಸುವವರೇ ಅಪರೂಪ.

1772ರಲ್ಲಿ ದೊರೆ ಹಂಗೇರಿಯ ಬೇಸಿಗೆ ಅರಮನೆ ಬಿಟ್ಟು ಕದಲಲೇ ಇಲ್ಲ. ವಾದ್ಯಗಾರರ ಹೆಂಡತಿ ಮಕ್ಕಳು ದೂರದಲ್ಲಿ, ಆ ಮನೆತನದ ಮೂಲ ಊರು ಐಸೆನ್‌ಸ್ಟಾಟ್‌ನಲ್ಲಿ. ಮನವಿಪತ್ರ ಬರೆಯುವ ಬದಲು ಹೈಡನ್ 45ನೇ ಸಿಂಫನಿ ಬರೆದ. ಆ ಕಾಲದಲ್ಲಿ ಸಿಂಫನಿಗೆ ಯಾರೂ ಮುಟ್ಟದ ಎಫ್ ಶಾರ್ಪ್ ಮೈನರ್ ಅನ್ನುವ ಸ್ವರಶ್ರೇಣಿ. ಆ ಶ್ರೇಣಿ ನುಡಿಸಲು ಹಾರ್ನ್‌ಗಳಿಗೆ (ಊದುವ ಹಿತ್ತಾಳೆ ಕೊಂಬು) ಬೇರೆ ಕೊಳವೆ ಮಾಡಿಸಬೇಕಾಯಿತು. ಕೊನೆಯಲ್ಲಿ ಒಬ್ಬೊಬ್ಬರಾಗಿ ತಮ್ಮ ಪಾಲು ನುಡಿಸಿ, ಮೇಣದಬತ್ತಿ ಆರಿಸಿ, ಎದ್ದು ಹೋಗುತ್ತಾರೆ. ಉಳಿಯೋದು ಎರಡು ವಯೊಲಿನ್. ಮರುದಿನವೇ ಗಂಟುಮೂಟೆ ಕಟ್ಟಲು ಅಪ್ಪಣೆ ಆಯಿತಂತೆ. ಕೆಲಸವೂ ಹೋಗಲಿಲ್ಲ, ದೊರೆಯ ಮುಖಭಂಗವೂ ಆಗಲಿಲ್ಲ. ಹೇಳಬೇಕಾದ್ದನ್ನು ಹೇಳಿಯೂ ಆಯಿತು.

ಆಮೇಲೆ ಬಂದವರು ಇವನಿಂದ ಏನೇನು ಪಡೆದರು ಅನ್ನೋದು ಉದ್ದದ ಪಟ್ಟಿ. ಮೊಜಾರ್ಟ್ ಆರು ಕ್ವಾರ್ಟೆಟ್ ಬರೆದು 1785ರಲ್ಲಿ ಇವನಿಗೇ ಅರ್ಪಿಸಿದ. ಬೀಥೋವನ್ ವಿಯೆನ್ನಾಕ್ಕೆ ಬಂದದ್ದೇ ಇವನ ಹತ್ತಿರ ಕಲಿಯಲು (ಗುರು ಶಿಷ್ಯರಿಗೆ ಅಷ್ಟೇನೂ ಸರಿಬರಲಿಲ್ಲ, ಆ ಮಾತು ಬೇರೆ). 1797ರಲ್ಲಿ ಆಸ್ಟ್ರಿಯಾದ ಚಕ್ರವರ್ತಿಗೆ ಮಾಡಿದ ರಾಗಸಂಯೋಜನೆ ಈಗ ಜರ್ಮನಿಯ ರಾಷ್ಟ್ರಗೀತೆ. ಇಷ್ಟಾದರೂ ಸತ್ತ ಮೇಲೆ ಅವನ ತಲೆಬುರುಡೆ ಕದ್ದರು. ಬುರುಡೆಯ ಆಕಾರದಲ್ಲಿ ಪ್ರತಿಭೆ ಹುಡುಕುವ ಹುಚ್ಚು ಆಗ ಜೋರಾಗಿತ್ತು. ಅದು ದೇಹದ ಜೊತೆ ಸೇರಿದ್ದು 1954ರಲ್ಲಿ!

ಅವನ ಆಪೆರಾಗಳು ನನಗೆ ರುಚಿಸಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪಾತ್ರಗಳು ಹಾಡುತ್ತವೆ, ಬದುಕುವುದಿಲ್ಲ. ಅಲ್ಲಿ ಮೊಜಾರ್ಟನೇ ಸೈ.

ಹೊಸದಾಗಿ ಕೇಳೋರು ದಯವಿಟ್ಟು ಎಲ್ಲರೂ ಹೇಳುವ 94ನೇ ಸಿಂಫನಿಯಿಂದ ಶುರು ಮಾಡಬೇಡಿ. ಮೆಲ್ಲಗೆ ನಡೆಯುವಾಗ ಇದ್ದಕ್ಕಿದ್ದಂತೆ ಬರುವ ಅದರ ‘ಧಡ್’ ಮೊದಲೇ ಗೊತ್ತಾಗಿಬಿಟ್ಟರೆ ಅರ್ಧ ಮಜಾ ಹೋಯಿತು. 45ನೆಯದನ್ನು ಯೂಟ್ಯೂಬ್‌ನಲ್ಲಿ ಹುಡುಕಿ. ವಾದ್ಯಗಾರರು ನಿಜವಾಗಿ ಎದ್ದು ಹೋಗುವ ವಿಡಿಯೊನೇ ನೋಡಿ, ಬರೀ ಆಡಿಯೊ ಸಾಲದು.