ವಾಯುಪುತ್ರನಿಗೆ ಅಪ್ಪನದೇ ತಕರಾರು

ಕೊಯಮತ್ತೂರಿನ ಪಕ್ಕದ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕಿನಲ್ಲಿ ನನ್ನಂಥ ಹವ್ಯಾಸಿಗಳು ದುಡ್ಡು ಕಟ್ಟಿ, ಸ್ವಂತ ಕಾರು ಓಡಿಸಿ, ಒಂದು ದಿನದ ಮಟ್ಟಿಗೆ ವೀರರಾಗಬಹುದು. ನನ್ನದು ಹಳೆಯ ಮಾರುತಿ 800. ಅದರ 796 ಸಿಸಿ ಎಂಜಿನ್ನಿನಲ್ಲಿ ಒಟ್ಟು ನಲವತ್ತು ಕುದುರೆಗಳೂ ಇಲ್ಲ; ಇರುವವುಗಳಲ್ಲೂ ಕೆಲವಕ್ಕೆ ಮಂಡಿನೋವು.

ಕುದುರೆ ಹೆಚ್ಚಿಸಲು ದುಡ್ಡಿಲ್ಲದ್ದರಿಂದ ಭಾರ ಇಳಿಸಲು ಹೊರಟೆ. ಹಿಂದಿನ ಸೀಟು, ಸ್ಟೆಪ್ನಿ, ಜಾಕ್ ಎಲ್ಲವೂ ಮನೆಯಲ್ಲಿ ಉಳಿದವು. ಡ್ಯಾಶ್‌ಬೋರ್ಡಿನ ಗಣೇಶನನ್ನು ಕೀಳಲು ಮಾತ್ರ ಹೆಂಡತಿ ಬಿಡಲಿಲ್ಲ. ನಾನೂ ಒಂದು ತಿಂಗಳು ರಾತ್ರಿಯೂಟ ಬಿಟ್ಟು ನಾಲ್ಕು ಕೆಜಿ ಇಳಿದೆ. ಎಂಜಿನಿಯರಿಂಗ್ ಪಾಠ ಮಾಡುವ ಗೆಳೆಯ ಇದನ್ನೆಲ್ಲ ಕೇಳಿ, "ಹೊರಡುವಾಗ ಭಾರದ ಕಾಟ, ನಿಜ. ವೇಗ ಏರಿದ ಮೇಲೆ ಜಗಳವೆಲ್ಲ ಗಾಳಿಯ ಜೊತೆ. ಗಾಳಿ ನಿನ್ನ ಹೊಟ್ಟೆ ನೋಡುವುದಿಲ್ಲ, ಕಾರಿನ ಮುಖ ನೋಡುತ್ತದೆ" ಎಂದ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು, ಅದನ್ನು ಸೀಳಲು ಬೇಕಾದ ಶಕ್ತಿ ಎಂಟರಷ್ಟು! ಗಂಟೆಗೆ 60 ಕಿಲೋಮೀಟರಿನಲ್ಲಿ ಮೂರು ಕುದುರೆ ಮಾಡುವ ಕೆಲಸಕ್ಕೆ 120ರಲ್ಲಿ ಇಪ್ಪತ್ತನಾಲ್ಕು ಬೇಕು. ಮೀಟರ್ ಬಡ್ಡಿಯವರೂ ಹೀಗೆ ಸುಲಿಯುವುದಿಲ್ಲ. ಮಾರುತಿ ಎಂದರೆ ವಾಯುಪುತ್ರ. ಮಗನ ಓಟಕ್ಕೆ ಅಪ್ಪನೇ ಅಡ್ಡ ನಿಲ್ಲುತ್ತಾನೆಂದು ನಮ್ಮ ಹರಿಕಥೆ ದಾಸರು ಹೇಳಿರಲಿಲ್ಲ.

ಅಮೆರಿಕದ ನಾಸ್ಕಾರ್ ರೇಸಿನವರು ಅರ್ಹತಾ ಸುತ್ತಿನಲ್ಲಿ ಗಾಳಿ ಒಳನುಗ್ಗದಂತೆ ಮುಂದಿನ ಜಾಲರಿಗೆ ಟೇಪು ಅಂಟಿಸುತ್ತಿದ್ದರೆಂದು ಓದಿದ್ದೆ. ನಾನೂ ಅಗಲವಾದ ಟೇಪು ತಂದು ಕಾರಿನ ಬಾಯಿ ಮುಚ್ಚಿದೆ. ಅವರ ಓಟ ಒಂದೆರಡು ಸುತ್ತಿನಲ್ಲಿ ಮುಗಿಯುತ್ತಿತ್ತು ಎಂಬುದು ಆ ವಾಕ್ಯದ ಉತ್ತರಾರ್ಧ. ಅದನ್ನು ಓದಿರಲಿಲ್ಲ.

ಹೋದದ್ದು ಜುಲೈನಲ್ಲಿ. ಪಶ್ಚಿಮ ಘಟ್ಟ ಪಾಲಕ್ಕಾಡಿನ ಹತ್ತಿರ ಬಾಗಿಲು ತೆರೆದಿಟ್ಟಂತೆ ಬಿಟ್ಟುಕೊಂಡಿದೆ. ಮುಂಗಾರಿನ ಗಾಳಿ ಅಲ್ಲಿಂದ ನುಗ್ಗಿ ಬರುತ್ತದೆ. ಆ ಸೀಮೆಯಲ್ಲಿ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ಎದುರುಗಾಳಿಗೆ ಸಿಕ್ಕಿದ ಕಡೆ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದರೂ ಮುಳ್ಳು 90ರ ಹತ್ತಿರ ಬಂದು ಕೂತುಬಿಟ್ಟಿತು. ಎದುರುಗಾಳಿಯ ವೇಗ 30 ಎಂದಿಟ್ಟುಕೊಂಡರೂ ಗಾಳಿಯ ಲೆಕ್ಕದಲ್ಲಿ ನನ್ನ ಓಟ 120, ನೋಡುವವರ ಲೆಕ್ಕದಲ್ಲಿ 90. ಗಾಳಿ ಗುದ್ದಿ ಮೈ ನೋಯಿಸಿಕೊಂಡ ಎಂಬ ಗಾದೆ ಕಟ್ಟಿದವನು ಮೂರು ಸಿಲಿಂಡರಿನ ಕಾರನ್ನೇ ಓಡಿಸಿರಬೇಕು.

ಅಷ್ಟರಲ್ಲಿ ಬೀರುವಿನಂಥ ಎತ್ತರದ ಕಾರೊಂದು ನನ್ನನ್ನು ದಾಟಿತು. ಅದರ ಬೆನ್ನಿಗೆ ಅಂಟಿಕೊಂಡೆ. ಕಿಟಕಿಯ ಸಂದಿನಲ್ಲಿ ಅದುವರೆಗೆ ಕುಯ್ಯೆನ್ನುತ್ತಿದ್ದ ಸಿಳ್ಳೆ ತಟ್ಟನೆ ನಿಂತಿತು. ಮುಳ್ಳು ತಾನಾಗಿ 95, 98 ಎಂದು ಏರಿತು. ಅಮ್ಮನ ಸೆರಗಿನ ಹಿಂದೆ ನಿಂತ ಮಗುವಿನ ಧೈರ್ಯ ನನಗೆ ಬಂತು. ಅದೇ ಧೈರ್ಯದಲ್ಲಿ ದಾಟಲೆಂದು ಪಕ್ಕಕ್ಕೆ ಹೊರಳಿದೆ. ಗಾಳಿ ಕಪಾಳಕ್ಕೆ ಬಾರಿಸಿದಂತಾಯಿತು; ಮತ್ತೆ 90. ಪುನಃ ಸೆರಗಿನ ಹಿಂದೆ. ಹೀಗೆ ಮೂರು ಸುತ್ತು.

ಬೆನ್ನಿಗೆ ಅಂಟಿಕೊಂಡರೆ ಗಾಳಿಯ ತಡೆ ತಪ್ಪುತ್ತದೆ, ಎಂಜಿನ್ನನ್ನು ತಣ್ಣಗಿಡುವ ರೇಡಿಯೇಟರಿಗೆ ಬೀಸುವ ಗಾಳಿಯೂ ತಪ್ಪುತ್ತದೆ. ಮೊದಲೇ ಬಾಯಿ ಕಟ್ಟಿಸಿಕೊಂಡಿದ್ದ ಬಡಪಾಯಿ ಎಂಜಿನ್ನಿಗೆ ಮೂಗನ್ನೂ ಹಿಡಿದಂತಾಗಿತ್ತು. ನಾಲ್ಕನೆಯ ಸುತ್ತಿನಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆ ದಾಟಿತು. ಬಾನೆಟ್ಟಿನ ಅಂಚಿನಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಎದ್ದಿತು. ಅದರಾಚೆ ಗಣೇಶ ಮಾತ್ರ ನಗುತ್ತಿದ್ದ.

ಕಾರು ತಣ್ಣಗಾದ ಮೇಲೆ ಟೇಪು ಕಿತ್ತರೆ ಬಣ್ಣವೂ ಜೊತೆಗೆ ಬಂತು, ಕಾರಿಗೆ ಬಿಳಿ ಮೀಸೆ ಮೂಡಿತು. ಎಂಜಿನ್ನಿನ ಕಾವು ಇಳಿಯಲು ಹೀಟರ್ ಹಾಕಿಕೊಂಡೇ ಓಡಿಸಿ ಎಂದು ಮೆಕ್ಯಾನಿಕ್ ಹೇಳಿದ. ಮೈಸೂರಿಗೆ ಮರಳುವಾಗ ದಿಂಬಂ ಘಾಟಿಯ 27 ತಿರುವುಗಳನ್ನು ಹಾಗೆಯೇ ಹತ್ತಿದೆ. ಇಳಿಯದೆ ಉಳಿದಿದ್ದ ಐದನೆಯ ಕೆಜಿ ಅಲ್ಲಿ ಬೆವರಾಗಿ ಇಳಿಯಿತು. ಹತ್ತನೆಯ ತಿರುವಿನ ಹತ್ತಿರ, ಕಬ್ಬು ಇಳಿಸಿ ಮರಳುತ್ತಿದ್ದ ಖಾಲಿ ಲಾರಿಯೊಂದು ಹಾರ್ನ್ ಹೊಡೆದು ನನ್ನನ್ನು ದಾಟಿತು. ಅದರ ಮರೆಗಾದರೂ ಸೇರಿಕೊಳ್ಳೋಣವೆಂದರೆ ಅದು ಆಗಲೇ ತಿರುವಿನಾಚೆ ಮರೆಯಾಗಿತ್ತು.