ಗುಂಡಣ್ಣನಿಗೆ ಉಪ್ಪಿಟ್ಟು

ಬೇಸಿಗೆ ರಜೆ. ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ಅಜ್ಜಿ ಮನೆಗೆ ಹೋಗಿದ್ದರು. ನಮ್ಮ ಮಗಳೊಬ್ಬಳೇ ಉಳಿದಿದ್ದಳು, ಯಾಕಂದ್ರೆ ಅವಳ ಅಜ್ಜಿ ಇರುವುದೇ ನಮ್ಮ ಮನೆಯಲ್ಲಿ. ಆಡೋಕೆ ಯಾರೂ ಇಲ್ಲ ಅಂತ ಮುಖ ಊದಿಸಿಕೊಂಡವಳಿಗೆ ರಾತ್ರಿ ಒಂದು ಕತೆ ಕಟ್ಟಿದೆ. ಒಬ್ಬಳು ಒಂಟಿ ಹುಡುಗಿ, ಅವಳ ಬಾಲ್ಕನಿಗೆ ಬಂದಿಳಿಯುವ ಮೂರು ಕಣ್ಣಿನ ಏಲಿಯನ್ ಗುಂಡಣ್ಣ.

"ಅವನಿಗೆ ಕನ್ನಡ ಬರುತ್ತಾ?"

ಬರುತ್ತೆ ಅಂದೆ. ಪೂರ್ತಿ ಸುಳ್ಳೇನಲ್ಲ. 1977ರಲ್ಲಿ ನಾಸಾ ಹಾರಿಸಿದ ಎರಡೂ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಚಿನ್ನದ ಲೇಪದ ರೆಕಾರ್ಡ್ ಇದೆ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡದ್ದೂ ಒಂದು. ಗುಂಡಣ್ಣ ಅದನ್ನೇ ಕೇಳಿ ಕೇಳಿ ಕಲಿತಿರಬಹುದು, ಅಲ್ವಾ?

ಅಲ್ಲಿಗೆ ನಿಲ್ಲಿಸಬೇಕಿತ್ತು. ಸುಮ್ನೆ ಇರಲಾರದೆ, ಅವನಿಗೆ ಉಪ್ಪಿಟ್ಟು ಅಂದ್ರೆ ಪ್ರಾಣ ಅಂತ ಸೇರಿಸಿದೆ. ನಮ್ಮ ಮನೆಯಲ್ಲಿ ಬೆಳಗ್ಗೆ ಉಪ್ಪಿಟ್ಟು ಮಾಡುವವನು ನಾನು. ಅದನ್ನು ಕಂಡರೆ ಮೂತಿ ತಿರುಗಿಸುವವಳು ಅವಳು.

ಮರುದಿನ ಐದೇ ನಿಮಿಷಕ್ಕೆ ತಟ್ಟೆ ಖಾಲಿ. ನಾನು ಬೀಗಿದೆ. ಮೂರನೇ ದಿನ ಕೆಳಗಿನ ಮನೆಯ ಆಂಟಿ ಒಂದು ಸೀರೆ ಹಿಡಿದು ಬಂದರು. "ನಿಮ್ಮ ಬಾಲ್ಕನಿಯಲ್ಲಿ ಪಾರಿವಾಳಗಳ ಸಂತರ್ಪಣೆ ನಡೀತಿದೆ. ನೋಡಿ!" ಸೀರೆಗೆ ರವೆ ಮೆತ್ತಿತ್ತು. ಜೊತೆಗೆ ಸಾಕ್ಷಿಗೆ ಒಂದು ಕರಿಬೇವು.

ಬಾಲ್ಕನಿಗೆ ಓಡಿದೆ. ಅಮ್ಮ ಎರಡು ದಿನದಿಂದ ಹುಡುಕುತ್ತಿದ್ದ ಹಪ್ಪಳ ಕರಿಯುವ ಬಾಣಲೆ ಆಕಾಶಕ್ಕೆ ಮುಖ ಮಾಡಿ ಕೂತಿತ್ತು. ನಡುವೆ ಒಂದು ಸೌಟು. ತಪ್ಪು ನನ್ನದೇ. ಬೆಂಗಳೂರು ಹತ್ತಿರದ ಬ್ಯಾಲಾಳಿನಲ್ಲಿರುವ ಇಸ್ರೋದ 32 ಮೀಟರ್ ಡಿಶ್ ಆಂಟೆನಾದ ಫೋಟೋ ತೋರಿಸಿ, ಚಂದ್ರಯಾನದ ಜೊತೆ ಮಾತಾಡೋ ದೊಡ್ಡ ಬಾಣಲೆ ಇದು ಅಂದಿದ್ದೆ.

ಮಗಳು ಬಾಣಲೆಗೆ ಬಾಯಿಟ್ಟು ಪಿಸುಗುಡುತ್ತಿದ್ದಳು. "ಗುಂಡಣ್ಣ, ಅಪ್ಪ ಕತೆ ಹೇಳ್ತಾ ಹೇಳ್ತಾ ಅವನೇ ಗೊರಕೆ ಹೊಡೀತಾನೆ. ಇವತ್ತು ಉಪ್ಪು ಹಾಕೋಕೆ ಮರೆತಿದ್ದಾನೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

ಅವತ್ತು ರಾತ್ರಿ ಗುಂಡಣ್ಣನನ್ನು ಊರಿಗೆ ಕಳಿಸಿಬಿಟ್ಟೆ. ಅವನ ಮನೆ ವಾಯೇಜರ್ ಇರೋ ಕಡೆಯೇ, ಇನ್ನು ಬರಲ್ಲ ಅಂದೆ. ಬಾಣಲೆ ವಾಪಸ್ ಕೊಡು ಅಂದೆ.

"ಇರು, ಅವನನ್ನೇ ಕೇಳ್ತೀನಿ. ಅಲ್ಲಿಗೆ ಮಾತು ಮುಟ್ಟೋಕೆ ಒಂದು ದಿನ, ಉತ್ತರ ಬರೋಕೆ ಇನ್ನೊಂದು ದಿನ ಅಂತ ನೀನೇ ಹೇಳಿದ್ಯಲ್ಲ?"

ಹೇಳಿದ್ದೆ. ಲೆಕ್ಕವೂ ಹೆಚ್ಚುಕಮ್ಮಿ ಸರಿಯೇ. ಅಮ್ಮನ ಮುಖ ನೋಡಿದೆ, ನನ್ನ ಪರ ಒಂದು ಮಾತಾಡಲಿ ಅಂತ.

"ಮಗು ಹೇಳೋದು ಸರಿ ಕಣೋ" ಅಂದರು. "ಎರಡು ದಿನ ಹಪ್ಪಳ ಸುಟ್ಟುಕೊಂಡು ತಿನ್ನೋಣ."